ಎಂಬಿಎ ಪ್ರಾಜೆಕ್ಟ್‌ಗೆ ಸೀಲ್ ಹಾಕುವವಳಿಂದ ಒಂದು ಬಹಿರಂಗ ಪತ್ರ

ರಾಜ್ಯದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಎಂಬಿಎ ವಿಭಾಗಗಳ ಮುಖ್ಯಸ್ಥರಿಗೆ ಮತ್ತು ಎಂಬಿಎ ನಡೆಸುವ ಕಾಲೇಜುಗಳ ಆಡಳಿತ ಮಂಡಳಿಯವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಪತ್ತಿನ ಸಹಕಾರ ಸಂಘದ ವ್ಯವಸ್ಥಾಪಕಿ. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಎಂಬಿಎ ಓದಿದವಳು. ಪ್ರತಿ ವರ್ಷ ಸುತ್ತಮುತ್ತಲ ಕಾಲೇಜುಗಳಿಂದ ಎಂಬಿಎ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ, ಪ್ರಾಜೆಕ್ಟ್‌ಗೆ ಅಂತ ನಮ್ಮ ಸಂಘಕ್ಕೆ ಬರುತ್ತಾರೆ. ಅವರಿಗೆ ಕೂರಲು ಜಾಗ ಕೊಡುವುದು, ಲೆಡ್ಜರ್ ತೋರಿಸುವುದು, ಕೊನೆಗೆ ಸರ್ಟಿಫಿಕೇಟ್‌ಗೆ ಸಹಿ ಮಾಡಿ ಸೀಲ್ ಹಾಕುವುದು ನನ್ನ ಪಾಲಿಗೆ ಬಂದ ಕೆಲಸ. ಹಾಗಾಗಿ ತಾವು ತರಗತಿಯಲ್ಲಿ ಕಲಿಸಿ ಕಳಿಸಿದ್ದು ಹೊರಗೆ ಬಂದಾಗ ಹೇಗಿರುತ್ತದೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದ್ದನ್ನು ಇದ್ದ ಹಾಗೆ ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ. ಯಾವ ಒಂದು ಕಾಲೇಜನ್ನೂ ಗುರಿ ಮಾಡುವ ಉದ್ದೇಶ ನನಗಿಲ್ಲ. ಹೆಸರು ಹೇಳಿ ಒಬ್ಬರನ್ನು ದೂರಿದರೆ ಉಳಿದವರು ಪಾರಾಗುತ್ತಾರೆ ಅಷ್ಟೆ.

ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲ ದಿನವೇ ಕೇಳುವುದು ಒಂದೇ ಮಾತು. "ಮೇಡಂ, ಸರ್ಟಿಫಿಕೇಟ್ ಯಾವತ್ತು ಕೊಡ್ತೀರಿ?" ಅವರ ಬ್ಯಾಗಿನಲ್ಲಿ ಆಗಲೇ ಒಂದು ಪ್ರಶ್ನಾವಳಿ ಇರುತ್ತದೆ. ಹಿಂದಿನ ಬ್ಯಾಚಿನವರು ಖಾಸಗಿ ಬ್ಯಾಂಕಿಗೆ ಬಳಸಿದ್ದು, ಅದಕ್ಕೂ ಹಿಂದಿನವರು ಬೈಕ್ ಶೋರೂಮಿಗೆ ಬಳಸಿದ್ದು. ಹೆಸರು ಮಾತ್ರ ಬದಲಾಗಿರುತ್ತದೆ. ಒಮ್ಮೆ ನಮ್ಮ ಸಂಘದ ಗ್ರಾಹಕರಿಗೆ ಅಂತ ತಂದ ಹಾಳೆಯಲ್ಲಿ "ವಾಹನದ ಮೈಲೇಜ್ ನಿಮಗೆ ತೃಪ್ತಿ ತಂದಿದೆಯೇ" ಅನ್ನುವ ಪ್ರಶ್ನೆ ಹಾಗೇ ಉಳಿದುಕೊಂಡಿತ್ತು. ಹಾಳೆಯ ಕೊನೆಯಲ್ಲಿ ಗೈಡ್, ಅಂದರೆ ಪ್ರಾಜೆಕ್ಟ್‌ಗೆ ಮಾರ್ಗದರ್ಶನ ಮಾಡುವ ಕಾಲೇಜಿನ ಮೇಷ್ಟ್ರ ಸಹಿ ಇತ್ತು.

ನೂರು ಜನರನ್ನು ಕೇಳಬೇಕು ಅನ್ನುತ್ತಾರೆ. ಯಾಕೆ ನೂರು ಅಂದರೆ ಉತ್ತರವಿಲ್ಲ. ನೂರಾದರೆ ಶೇಕಡಾ ಲೆಕ್ಕ ಹಾಕುವುದು ಸುಲಭ, ಅಷ್ಟೇ ಕಾರಣ. ಪ್ರಶ್ನೆಗಳು ಇಂಗ್ಲಿಷಿನಲ್ಲಿ. ಉತ್ತರಿಸಬೇಕಾದವರು ಬಸ್ ಸ್ಟ್ಯಾಂಡ್ ಹತ್ತಿರ ಹೂವು, ಸೊಪ್ಪು ಮಾರುವ ಹೆಂಗಸರು, ಹೋಟೆಲಿನವರು, ಗ್ಯಾರೇಜಿನವರು. ಅವರ ಹತ್ತಿರ ಹೋಗಿ ನಿಂತು ಮಾತಾಡಿಸಲು ಮಕ್ಕಳಿಗೆ ಮುಜುಗರ. ಕೊನೆಗೆ ಗೂಗಲ್ ಫಾರ್ಮ್ ಮಾಡಿ ತಮ್ಮ ತಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ನಮ್ಮ ಸಂಘದ ಬಾಗಿಲನ್ನೂ ನೋಡದ ಗೆಳೆಯರು ನಮ್ಮ ಸೇವೆಯ ಬಗ್ಗೆ "ಸ್ಟ್ರಾಂಗ್ಲಿ ಅಗ್ರೀ" ಅಂತ ಒತ್ತುತ್ತಾರೆ. ಅದರ ಮೇಲೆ ಕೈ-ಸ್ಕ್ವೇರ್ ಅನ್ನುವ ಅಂಕಿಅಂಶದ ಪರೀಕ್ಷೆ, ಬಣ್ಣ ಬಣ್ಣದ ಪೈ ಚಾರ್ಟು, "ಸಂಸ್ಥೆ ಜಾಹೀರಾತು ಹೆಚ್ಚಿಸಬೇಕು" ಅನ್ನುವ ಸಲಹೆ. ಬೈಂಡಿಂಗ್ ಅಂಗಡಿಗೆ ಹೋದರೆ ಇನ್ನೂ ಸುಲಭ. ವಿಷಯ ಹೇಳಿದರೆ ಸಾಕು, ತಯಾರಾದ ವರದಿಯೇ ಸಿಗುತ್ತದೆ. ರಟ್ಟಿನ ಮೇಲೆ ಚಿನ್ನದ ಅಕ್ಷರವೂ ಅದರ ಬೆಲೆಯಲ್ಲೇ ಸೇರಿರುತ್ತದೆ.

ಇದಕ್ಕೆ ಮಕ್ಕಳನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಮೊದಲ ಸಲ ಒಂದು ಸಂಸ್ಥೆಯ ಒಳಗೆ ಬಂದು ಕೂತಾಗ ಏನು ನೋಡಬೇಕು, ಯಾರನ್ನು ಕೇಳಬೇಕು, ಕೇಳಿದ್ದನ್ನು ಹೇಗೆ ನಂಬಬೇಕು ಅನ್ನುವುದನ್ನು ಯಾರಾದರೂ ಪಕ್ಕದಲ್ಲಿ ನಿಂತು ಹೇಳಿಕೊಡಬೇಕು. ಆ ಜಾಗದಲ್ಲಿ ನಿಲ್ಲಬೇಕಾದವರು ಗೈಡ್. ನಾನು ಸಹಿ ಹಾಕುತ್ತಿರುವ ಇಷ್ಟು ವರ್ಷಗಳಲ್ಲಿ ಗೈಡ್‌ಗಳಿಂದ ನನಗೆ ಫೋನ್ ಬಂದಿರುವುದು ತೀರಾ ಅಪರೂಪ. ಖುದ್ದಾಗಿ ಬಂದವರು ಇನ್ನೂ ಅಪರೂಪ. ಅವರು ಸೋಮಾರಿಗಳು ಅಂತ ನಾನು ಹೇಳುತ್ತಿಲ್ಲ. ಒಬ್ಬೊಬ್ಬರ ಕೆಳಗೆ ಎಷ್ಟೋ ಮಕ್ಕಳಿರುತ್ತಾರೆ. ಅದರ ಜೊತೆಗೆ ಪಾಠ, ಪೇಪರ್ ತಿದ್ದುವುದು, ಅಡ್ಮಿಷನ್ ಡ್ಯೂಟಿ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು. ತಮ್ಮ ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವವರಲ್ಲಿ ಅತಿಥಿ ಉಪನ್ಯಾಸಕರು ಎಷ್ಟು ಜನ ಅನ್ನುವುದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ಹುದ್ದೆ ಖಾಲಿ ಬಿಟ್ಟು, ಇರುವವರ ಮೇಲೆ ಎಲ್ಲವನ್ನೂ ಹೇರಿ, ಆಮೇಲೆ ಸಂಶೋಧನೆ ಬೆಳೆಯಲಿ ಅಂದರೆ ಹೇಗೆ?

ಹಾಗಂತ ಎಲ್ಲ ಕಡೆಯೂ ಹೀಗೇ ಅಂತಲ್ಲ. ಆಗುತ್ತದೆ ಅನ್ನುವುದನ್ನೂ ನಾನು ನೋಡಿದ್ದೇನೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ಪತ್ರ ಬರೆಯುವ ಧೈರ್ಯ ಬಂದದ್ದೇ ಅದರಿಂದ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ನಮ್ಮಲ್ಲಿಗೆ ಬಂದಳು. ಅವಳ ಕೈಯಲ್ಲೂ ಅದೇ ಪ್ರಶ್ನಾವಳಿ ಇತ್ತು. ಮೊದಲ ವಾರದಲ್ಲೇ ಅವಳ ಗೈಡ್ ಬಸ್ಸು ಹತ್ತಿಕೊಂಡು ನಮ್ಮ ಸಂಘಕ್ಕೆ ಬಂದರು. ಬಂದವರು ನನ್ನನ್ನು ಕೇಳಿದ್ದು ಹೀಗೆ: "ಮೇಡಂ, ನಿಮಗೆ ನಿಜವಾಗಿಯೂ ಗೊತ್ತಿಲ್ಲದ ವಿಷಯ ಯಾವುದು?" ಅಲ್ಲಿಯವರೆಗೆ ಯಾವ ಕಾಲೇಜಿನವರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನು ಹೇಳಿದೆ: ನಮ್ಮಲ್ಲಿ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಪಿಗ್ಮಿ ಖಾತೆಗಳನ್ನು ಅವಧಿಗೆ ಮೊದಲೇ ಮುಚ್ಚುವವರು ಜಾಸ್ತಿ ಆಗುತ್ತಿದ್ದಾರೆ. ಮೈಕ್ರೋಫೈನಾನ್ಸ್ ಕಂಪನಿಗಳು ಬಂದದ್ದೇ ಕಾರಣ ಅಂತ ನಮ್ಮ ನಿರ್ದೇಶಕರು ಹೇಳುತ್ತಾರೆ. ನನಗೆ ಖಾತ್ರಿ ಇಲ್ಲ.

ಅವರು ಆ ಹುಡುಗಿಯ ಪ್ರಶ್ನಾವಳಿಯನ್ನು ಅಲ್ಲೇ ಪಕ್ಕಕ್ಕೆ ಇಡಿಸಿದರು. "ಮೊದಲು ಖಾತೆ ಮುಚ್ಚಿದ ರಿಜಿಸ್ಟರ್ ನೋಡು. ಯಾವ ತಿಂಗಳು, ಯಾವ ವೃತ್ತಿಯವರು, ಎಷ್ಟು ಹಣ ಇದ್ದಾಗ ಅಂತ ಬರೆದುಕೋ. ಆಮೇಲೆ ಪಿಗ್ಮಿ ಏಜೆಂಟರ ಜೊತೆ ಸಂಜೆ ಹೊತ್ತು ನಡೆದುಕೊಂಡು ಹೋಗು. ಪ್ರಶ್ನೆ ಆಮೇಲೆ ಹುಟ್ಟುತ್ತೆ" ಅಂದರು. ಹುಡುಗಿ ಮೊದಲು ಹಿಂಜರಿದಳು. ನಮ್ಮ ಪಿಗ್ಮಿ ಏಜೆಂಟರಿಗೂ ಇದೇನಪ್ಪಾ ಅನಿಸಿತು. ಆದರೆ ಎರಡನೇ ವಾರದ ಹೊತ್ತಿಗೆ ಹೂವಿನ ಅಂಗಡಿಯವರು ಅವಳಿಗೆ ಸ್ಟೂಲು ಹಾಕಿ ಕೂರಿಸಿ ಮಾತಾಡುತ್ತಿದ್ದರು.

ಅವಳಿಗೆ ಕಂಡದ್ದು ಇಷ್ಟು. ಖಾತೆ ಮುಚ್ಚುವುದು ವರ್ಷವಿಡೀ ಒಂದೇ ಥರ ನಡೆಯುತ್ತಿರಲಿಲ್ಲ. ಮೇ ಕೊನೆ ಮತ್ತು ಜೂನ್ ತಿಂಗಳಲ್ಲಿ ಒಟ್ಟಿಗೆ ಏರುತ್ತಿತ್ತು. ಆಗ ಮುಚ್ಚುತ್ತಿದ್ದವರು ಹೆಚ್ಚಾಗಿ ಶಾಲೆಗೆ ಹೋಗುವ ಮಕ್ಕಳಿದ್ದ ತಾಯಂದಿರು. ಫೀಸು, ಪುಸ್ತಕ, ಯೂನಿಫಾರ್ಮು ಎಲ್ಲ ಒಟ್ಟಿಗೆ ಬರುತ್ತದೆ. ಕೈಯಲ್ಲಿ ಇರುವುದು ಪಿಗ್ಮಿ ಹಣ ಒಂದೇ. ಅವಧಿಗೆ ಮೊದಲು ಮುಚ್ಚಿದರೆ ಬಡ್ಡಿ ಹೋಗುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಆದರೂ ಬೇರೆ ದಾರಿ ಇರಲಿಲ್ಲ. ಪಿಗ್ಮಿ ಮೇಲೆ ಸಾಲ ಸಿಗುತ್ತದೆ ಅನ್ನುವುದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ನಾವು ಯಾವತ್ತೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಅವಳ ವರದಿಯನ್ನು ನಾನು ಆಡಳಿತ ಮಂಡಳಿ ಸಭೆಯಲ್ಲಿ ಇಟ್ಟೆ. ಅವಳನ್ನೇ ಕರೆಸಿ ಕನ್ನಡದಲ್ಲಿ ಹೇಳಿಸಿದೆ. ಅನುಭವಿ ನಿರ್ದೇಶಕರು ಅಡ್ಡ ಪ್ರಶ್ನೆ ಹಾಕಿದರು. ಅವಳು ರಿಜಿಸ್ಟರಿನ ಪುಟ ಸಮೇತ ಉತ್ತರ ಕೊಟ್ಟಳು. ಮುಂದಿನ ಏಪ್ರಿಲ್‌ನಿಂದ ಪಿಗ್ಮಿ ಖಾತೆಯ ಮೇಲೆ ಶಾಲಾ ಫೀಸಿಗೆ ಸಣ್ಣ ಸಾಲ ಕೊಡುವುದನ್ನು ನಾವು ಶುರು ಮಾಡಿದೆವು. ಏಜೆಂಟರೇ ಅರ್ಜಿ ತುಂಬಿಸಿಕೊಂಡು ಬರುತ್ತಾರೆ. ಈಗ ಜೂನ್‌ನಲ್ಲಿ ನಮ್ಮ ಕೌಂಟರ್ ಮುಂದೆ ಖಾತೆ ಮುಚ್ಚುವವರ ಸಾಲು ಮೊದಲಿನಷ್ಟು ಇಲ್ಲ.

ಸಂಶೋಧನೆ ಅಂದರೆ ಇದು. ನಾಯಕತ್ವ ಅಂದರೂ ಇದೇ. ವಯಸ್ಸಿನಲ್ಲಿ, ಅನುಭವದಲ್ಲಿ ದೊಡ್ಡವರು ಕೂತ ಸಭೆಯಲ್ಲಿ "ನೀವು ಅಂದುಕೊಂಡಿದ್ದು ಸರಿಯಲ್ಲ, ಲೆಕ್ಕ ಹೀಗೆ ಹೇಳುತ್ತೆ" ಅಂತ ಮರ್ಯಾದೆಯಿಂದ ಹೇಳುವ ಶಕ್ತಿ ಆ ಹುಡುಗಿಗೆ ಎರಡು ತಿಂಗಳಲ್ಲಿ ಬಂತು. ಯಾವ ಪರ್ಸನಾಲಿಟಿ ಡೆವಲಪ್‌ಮೆಂಟ್ ತರಬೇತಿಯೂ ಅದನ್ನು ಕೊಡುವುದಿಲ್ಲ.

ಅವಳ ಹಿಂದೆ ಯಾರಿದ್ದರು ಅನ್ನುವುದನ್ನೂ ಹೇಳಬೇಕು. ಗೈಡ್ ಒಬ್ಬರೇ ಅಲ್ಲ. ಅವರ ಕಾಲೇಜಿನ ಗ್ರಂಥಪಾಲಕರು ನಬಾರ್ಡ್ ಮತ್ತು ರಿಸರ್ವ್ ಬ್ಯಾಂಕ್ ವರದಿಗಳನ್ನು ಹುಡುಕಿ ಪ್ರಿಂಟ್ ತೆಗೆದು ಕೊಟ್ಟಿದ್ದರು. ಕಂಪ್ಯೂಟರ್ ಲ್ಯಾಬಿನ ಸಹಾಯಕರು ಸಂಜೆ ಹೊತ್ತು ಬೀಗ ಹಾಕದೆ ಕಾದಿದ್ದು, ಎಕ್ಸೆಲ್‌ನಲ್ಲಿ ತಿಂಗಳುವಾರು ಪಟ್ಟಿ ಮಾಡುವುದನ್ನು ಹೇಳಿಕೊಟ್ಟಿದ್ದರು. ಕಚೇರಿಯ ಗುಮಾಸ್ತರು ಅನುಮತಿ ಪತ್ರವನ್ನು ಅಂದೇ ತಯಾರು ಮಾಡಿಸಿ ಪ್ರಾಂಶುಪಾಲರ ಸಹಿ ಹಾಕಿಸಿ ಕೊಟ್ಟಿದ್ದರು. ಬೇರೆ ಕಡೆ ಅದೇ ಪತ್ರಕ್ಕೆ ಮಕ್ಕಳು ವಾರಗಟ್ಟಲೆ ಅಲೆಯುವುದನ್ನು ನೋಡಿದ್ದೇನೆ. ಈ ಮೂವರ ಹೆಸರೂ ವರದಿಯ "ಕೃತಜ್ಞತೆ" ಪುಟದಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ಆ ಗೈಡ್ ಅತಿಥಿ ಉಪನ್ಯಾಸಕರಾಗಿದ್ದರು. ಬಸ್ ಚಾರ್ಜು ಸ್ವಂತ ಜೇಬಿನದು. ಮುಂದಿನ ವರ್ಷ ಅವರು ಆ ಕಾಲೇಜಿನಲ್ಲಿ ಇರಲಿಲ್ಲ. ವಿಚಾರಿಸಿದಾಗ ಮುಂದುವರಿಸಲಿಲ್ಲ ಅನ್ನುವ ಉತ್ತರ ಸಿಕ್ಕಿತು. ಇದು ನನ್ನನ್ನು ತುಂಬಾ ನೋಯಿಸಿದ ವಿಷಯ. ಅವರ ಕೆಲಸದಿಂದ ನಮ್ಮ ಊರಿನ ಎಷ್ಟೋ ಮನೆಗಳಿಗೆ ಜೂನ್ ತಿಂಗಳು ಹಗುರವಾಯಿತು. ಅವರ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಜಾಗ ಮಾತ್ರ ಎಲ್ಲೂ ಇರಲಿಲ್ಲ.

ಕಾಯಂ ಆದವರಿಗೂ ಇದರಲ್ಲಿ ದೊಡ್ಡ ಲಾಭವಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮಾವಳಿಯಲ್ಲಿ ಸಂಶೋಧನಾ ಅಂಕಗಳ ಕೋಷ್ಟಕ ಒಂದಿದೆ. ಆಡಳಿತ ನಿರ್ವಹಣೆಯಂಥ ವಿಷಯದಲ್ಲಿ ಒಂದು ಸಂಶೋಧನಾ ಲೇಖನ ಪ್ರಕಟಿಸಿದರೆ 10 ಅಂಕ. ಒಬ್ಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧಕ್ಕೆ ಮಾರ್ಗದರ್ಶನ ಮಾಡಿದರೆ 2. ಆ ಎರಡು ಅಂಕಕ್ಕೂ ಕೆಲಸ ಹೇಗೆ ನಡೆಯಿತು ಅನ್ನುವುದು ಬೇಕಾಗಿಲ್ಲ. ವಿದ್ಯಾರ್ಥಿಯ ಜೊತೆ ಊರೂರು ತಿರುಗಿದರೂ 2, ಕೂತಲ್ಲೇ ಸಹಿ ಹಾಕಿದರೂ 2. ಹೀಗಿದ್ದಾಗ ಮೇಷ್ಟ್ರು ಯಾವ ಕಡೆ ಸಮಯ ಕೊಡುತ್ತಾರೆ, ತಾವೇ ಹೇಳಿ. ದುಡ್ಡು ಕಟ್ಟಿದರೆ ಪ್ರಕಟಿಸುವ ಪತ್ರಿಕೆಗಳು ಯಾಕೆ ಬೆಳೆದವು ಅನ್ನುವುದಕ್ಕೂ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ನಕಲು ತಡೆಯುವ ವಿಷಯದಲ್ಲೂ ಒಂದು ದೊಡ್ಡ ಕಿಂಡಿ ಇದೆ. ಯುಜಿಸಿ 2018ರಲ್ಲೇ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಪ್ರಬಂಧದಲ್ಲಿ ಶೇಕಡಾ 10ರವರೆಗೆ ಹೋಲಿಕೆ ಇದ್ದರೆ ದಂಡನೆ ಇಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ಇದನ್ನು ಓದಿದಾಗ ಸಮಾಧಾನವಾಗುತ್ತದೆ. ಆದರೆ ಅದೇ ನಿಯಮಾವಳಿ ಅಸೈನ್‌ಮೆಂಟು, ಪ್ರಾಜೆಕ್ಟ್ ವರದಿಗಳನ್ನು ತನ್ನ ವ್ಯಾಪ್ತಿಯಿಂದ ಹೊರಗೆ ಇಟ್ಟಿದೆ. ಎಂಬಿಎ ಮಕ್ಕಳು ಕೊಡುವುದು ಪ್ರಾಜೆಕ್ಟ್ ವರದಿಯನ್ನೇ ಅಲ್ವಾ? ವಿಶ್ವವಿದ್ಯಾಲಯ ತಾನಾಗಿ ನಿಯಮ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಕೇಳುವವರಿಲ್ಲ. ಇನ್ನು ಈಗ ಎಐ ಬಂದಿದೆ. ಅದರ ಕೈಲಿ ಬರೆಸಿದ ವರದಿಯನ್ನು ಸಾಫ್ಟ್‌ವೇರಿಗೆ ಹಾಕಿದರೆ ಹೋಲಿಕೆಯೇ ಸಿಗದಿರಬಹುದು. ಅದು ಸುಳ್ಳು ಅಂತ ಹಿಡಿಯಬಲ್ಲವರು ಇಬ್ಬರೇ. ಕೆಲಸವನ್ನು ವಾರವಾರ ನೋಡಿದ ಗೈಡ್, ಕೆಲಸ ನಡೆದ ಜಾಗದಲ್ಲಿ ಇರುವ ನನ್ನಂಥವರು. ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅನ್ನುವುದೇ ನನ್ನ ದೂರು.

ನಾಯಕತ್ವದ ವಿಷಯಕ್ಕೆ ಬರುತ್ತೇನೆ. ತಮ್ಮ ಕಾಲೇಜುಗಳ ಮ್ಯಾನೇಜ್‌ಮೆಂಟ್ ಫೆಸ್ಟ್‌ಗಳಿಗೆ ಪ್ರತಿ ವರ್ಷ ವಿದ್ಯಾರ್ಥಿಗಳು ಪ್ರಾಯೋಜಕತ್ವ ಕೇಳಿಕೊಂಡು ಬರುತ್ತಾರೆ. ನಮ್ಮ ಸಂಘವೂ ಕೈಲಾದಷ್ಟು ಕೊಡುತ್ತದೆ. ಒಮ್ಮೆ ತೀರ್ಪುಗಾರಳಾಗಿ ಹೋದಾಗ ವಿದ್ಯಾರ್ಥಿ ಅಧ್ಯಕ್ಷನನ್ನು ಕೇಳಿದೆ, "ಒಟ್ಟು ಖರ್ಚು ಎಷ್ಟಾಯಿತಪ್ಪ?" ಅವನಿಗೆ ಗೊತ್ತಿರಲಿಲ್ಲ. "ಅದೆಲ್ಲ ಕೋಆರ್ಡಿನೇಟರ್ ಸರ್ ನೋಡ್ಕೊತಾರೆ ಮೇಡಂ" ಅಂದ. ಖಜಾಂಚಿ ಅಂತ ಬ್ಯಾಡ್ಜ್ ಹಾಕಿಕೊಂಡಿದ್ದ ಹುಡುಗಿಗೆ ಒಂದು ವೋಚರ್ ಕೂಡ ತೋರಿಸಿರಲಿಲ್ಲ. ಮಕ್ಕಳು ಮಾಡಿದ್ದು ಕುರ್ಚಿ ಹಾಕಿದ್ದು, ಅತಿಥಿಗಳಿಗೆ ಹೂಗುಚ್ಛ ಕೊಟ್ಟದ್ದು, ನಿರೂಪಣೆ ಮಾಡಿದ್ದು. ಈ ಕೆಲಸಗಳೂ ಬೇಕು, ಅವನ್ನು ನಾನು ಹೀಗಳೆಯುವುದಿಲ್ಲ. ಆದರೆ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ತೀರ್ಮಾನ ಮಾಡುವ ಅಧಿಕಾರ ಇಲ್ಲದವರಿಗೆ ನಾಯಕ ಅಂತ ಬ್ಯಾಡ್ಜ್ ಕೊಡಬಾರದು. ಅದರಲ್ಲೂ ಓದುತ್ತಿರುವುದೇ ಆಡಳಿತ ನಿರ್ವಹಣೆ!

ನಮ್ಮ ರಾಜ್ಯದ ಕ್ಯಾಂಪಸ್‌ಗಳಲ್ಲಿ 1980ರ ದಶಕದ ಕೊನೆಯಿಂದ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತಿವೆ. ಸುಪ್ರೀಂ ಕೋರ್ಟ್ 2006ರಲ್ಲಿ ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಅಂತ ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಜಾರಿಗೆ ತರಲು ಹೇಳಿತು. ಅದರಲ್ಲಿ ಒಬ್ಬ ಅಭ್ಯರ್ಥಿಯ ಖರ್ಚಿಗೆ 5,000 ರೂಪಾಯಿಯ ಮಿತಿ, ಶೇಕಡಾ 75 ಹಾಜರಾತಿ, ವಯಸ್ಸಿನ ಮಿತಿ ಎಲ್ಲ ಇವೆ. ಚುನಾವಣೆ ಮತ್ತೆ ಬರಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ. ಅದು ಸರ್ಕಾರ ತೀರ್ಮಾನಿಸಬೇಕಾದ ವಿಷಯ. ನಾನು ಕೇಳುವುದು ಅದಕ್ಕಿಂತ ಸಣ್ಣದು. ನಮ್ಮ ಸಂಘದಲ್ಲಿ ಒಂದು ಷೇರು ಇರುವವರಿಗೂ ನೂರು ಷೇರು ಇರುವವರಿಗೂ ಒಂದೇ ಮತ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕಪತ್ರ ಓದಲೇಬೇಕು. ಹಳ್ಳಿಯಿಂದ ಬಂದ ಅಜ್ಜಿ ಎದ್ದು ನಿಂತು "ಈ ಖರ್ಚು ಯಾಕೆ?" ಅಂದರೆ ಅಧ್ಯಕ್ಷರು ಉತ್ತರ ಕೊಡಲೇಬೇಕು. ಓದು ಬರಹ ಕಡಿಮೆ ಇರುವ ಸದಸ್ಯರು ಮಾಡುವ ಈ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಗೆ ಕೊಡಲು ಕಾಲೇಜುಗಳಿಗೆ ಏನು ಭಯ? ಫೆಸ್ಟ್‌ನ ಖಜಾಂಚಿಯನ್ನು ವಿದ್ಯಾರ್ಥಿಗಳೇ ಆರಿಸಲಿ. ಕಾಲೇಜಿನ ಅಕೌಂಟೆಂಟ್ ಪಕ್ಕದಲ್ಲಿ ಕೂತು ವೋಚರ್ ಬರೆಯುವುದು, ಬಿಲ್ ಪರಿಶೀಲಿಸುವುದು, ಕ್ಯಾಶ್ ಬುಕ್ ಹೊಂದಿಸುವುದನ್ನು ಕಲಿಸಲಿ. ಕೊನೆಗೆ ಲೆಕ್ಕವನ್ನು ಎಲ್ಲರ ಮುಂದೆ ಓದಲಿ. ಪ್ರಾಯೋಜಕರಿಗೂ ಒಂದು ಪ್ರತಿ ಕಳಿಸಲಿ. ಇಂಥ ಅಕೌಂಟೆಂಟ್ ಒಬ್ಬರನ್ನು ನಾನು ಬಲ್ಲೆ. ತಮ್ಮ ಊಟದ ಸಮಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಹೇಳಿಕೊಟ್ಟರು. ಅವರಲ್ಲೊಬ್ಬ ಈಗ ನಮ್ಮಲ್ಲೇ ಕೆಲಸ ಮಾಡುತ್ತಿದ್ದಾನೆ. ಬಂದ ದಿನದಿಂದಲೇ ಕೈಗೆ ಕೆಲಸ ಕೊಡಬಹುದಾಗಿತ್ತು.

ಇಂಥ ಮಾತಿಗೆ ಸಾಮಾನ್ಯವಾಗಿ ಬರುವ ಉತ್ತರ ನನಗೆ ಗೊತ್ತು. "ಅದೆಲ್ಲ ಐಐಎಂಗಳಲ್ಲಿ ನಡೆಯುತ್ತೆ, ನಮ್ಮಲ್ಲಿ ಅಂಥ ಮಕ್ಕಳೂ ಇಲ್ಲ, ದುಡ್ಡೂ ಇಲ್ಲ." ಐಐಎಂ ಬೆಂಗಳೂರು 1973ರಲ್ಲಿ ನಮ್ಮ ರಾಜ್ಯದಲ್ಲೇ ಶುರುವಾಯಿತು. ಅಲ್ಲಿ ಪ್ಲೇಸ್‌ಮೆಂಟ್‌ನಂಥ ದೊಡ್ಡ ಜವಾಬ್ದಾರಿಯಲ್ಲೂ ವಿದ್ಯಾರ್ಥಿ ಸಮಿತಿಗಳು ಕೆಲಸ ಮಾಡುತ್ತವೆ. ಅವರಿಗೆ ಹಣವಿದೆ ನಿಜ. ಆದರೆ ಈ ದೇಶದ ಆಡಳಿತ ನಿರ್ವಹಣಾ ಶಿಕ್ಷಣದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಉದಾಹರಣೆ ಹಣದ್ದಲ್ಲ. ರವಿ ಮಥಾಯ್ ಅವರು 1965ರಲ್ಲಿ ಐಐಎಂ ಅಹಮದಾಬಾದಿನ ಮೊದಲ ಪೂರ್ಣಾವಧಿ ನಿರ್ದೇಶಕರಾದರು. 1972ರಲ್ಲಿ ತಾವಾಗಿಯೇ ಆ ಕುರ್ಚಿ ಬಿಟ್ಟು ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಉಳಿದರು. ಆಮೇಲೆ 1975ರಿಂದ ರಾಜಸ್ಥಾನದ ಆಗಿನ ಅಜ್ಮೀರ್ ಜಿಲ್ಲೆಯ ಜವಾಜಾ ಎಂಬ ಬರದ ಸೀಮೆಗೆ ಹೋಗಿ ಅಲ್ಲಿನ ನೇಕಾರರು, ಚರ್ಮದ ಕೆಲಸದವರ ಜೊತೆ ಕೂತು ಕೆಲಸ ಮಾಡಿದರು. ಆಡಳಿತ ನಿರ್ವಹಣೆ ದೊಡ್ಡ ಕಂಪನಿಗಳಿಗೆ ಮಾತ್ರ ಬೇಕಾದ ವಿದ್ಯೆ ಅಲ್ಲ ಅಂತ ಅವರು ನಂಬಿದ್ದರು. ನಿರ್ದೇಶಕರಾಗಿದ್ದವರು ಹಳ್ಳಿಗೆ ಹೋದರು. ನಮ್ಮ ಗೈಡ್‌ಗಳು ಪಕ್ಕದ ಊರಿನ ಸೊಸೈಟಿಗೆ ಒಂದು ಸಲ ಬರಲಿ ಅಂತ ಕೇಳಿದರೆ ಅದು ದುಬಾರಿ ಬೇಡಿಕೆಯೇ?

ಅಧ್ಯಯನಕ್ಕೆ ವಿಷಯವಿಲ್ಲ ಅನ್ನುವ ಹಾಗಂತೂ ಇಲ್ಲ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಗದಗದ ಕಣಗಿನಹಾಳದಲ್ಲಿ. ಪಿಗ್ಮಿ ಠೇವಣಿ 1928ರಲ್ಲಿ ಶುರುವಾದದ್ದು ಕರಾವಳಿಯಲ್ಲಿ, ಸಿಂಡಿಕೇಟ್ ಬ್ಯಾಂಕ್ ಕಟ್ಟಿದವರಿಂದ. ದಿನಕ್ಕೆ ಎರಡಾಣೆ ಉಳಿಸುವವರನ್ನೂ ಗ್ರಾಹಕರು ಅಂತ ಕಂಡ ಆ ಯೋಚನೆ ಯಾವ ವಿದೇಶಿ ಕೇಸ್ ಸ್ಟಡಿಗೆ ಕಡಿಮೆ? ಅದೇ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಶಾಖೆಯ ಹಳೆಯ ಗ್ರಾಹಕರಿಗೆ ಆಮೇಲೆ ಏನಾಯಿತು ಅಂತ ಊರೂರಿನಲ್ಲಿ ಕೂತು ಕೇಳಬಹುದು. ಶಿರಸಿಯ ಅಡಿಕೆ ಸೊಸೈಟಿಗಳಿವೆ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇದೆ, ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಇದೆ, ಇಳಕಲ್ಲಿನ ಮಗ್ಗಗಳಿವೆ, ಊರೂರಿನ ಹಾಲಿನ ಡೇರಿಗಳಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಉಚಿತ ಬಸ್ಸಿನಿಂದ ಸಂತೆಗೆ ಬರುವ ಹೆಂಗಸರ ವ್ಯಾಪಾರದಲ್ಲಿ ಏನು ಬದಲಾಯಿತು ಅನ್ನುವುದನ್ನು ಒಂದು ಬ್ಯಾಚ್ ಮಕ್ಕಳು ಆರು ವಾರ ಸಂತೆಯಲ್ಲಿ ಕೂತು ನೋಡಬಹುದಿತ್ತು. ನಮ್ಮ ಮಕ್ಕಳಿಗೆ ಈ ಜನರ ಭಾಷೆ ಬರುತ್ತದೆ, ಈ ಜನರ ಕಷ್ಟ ಮನೆಯಲ್ಲೇ ನೋಡಿ ಗೊತ್ತು. ದೊಡ್ಡ ಸಂಸ್ಥೆಯ ವಿದ್ಯಾರ್ಥಿಗಳಿಗೆ ಇಲ್ಲದ ಅನುಕೂಲ ಇದು. ನಾವೇ ಅದನ್ನು ಕೊರತೆ ಅಂತ ಅವರಿಗೆ ನಂಬಿಸಿದ್ದೇವೆ.

ಹಣದ ಮಾತೂ ಪೂರ್ತಿ ಸರಿಯಲ್ಲ. ಕೇಂದ್ರ ಸರ್ಕಾರದ "ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್" ಯೋಜನೆಗೆ 2024ರ ನವೆಂಬರ್‌ನಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯ, ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಸಿಗಬೇಕು. ನಮ್ಮಲ್ಲಿಗೆ ಸರ್ಕಾರಿ ವಿಶ್ವವಿದ್ಯಾಲಯದಿಂದ ಬರುವ ವಿದ್ಯಾರ್ಥಿಗಳನ್ನು ಇದರ ಬಗ್ಗೆ ಕೇಳಿದರೆ ಹೆಸರೇ ಕೇಳಿಲ್ಲ ಅನ್ನುತ್ತಾರೆ. ಲಾಗಿನ್ ಮಾಡುವುದು ಹೇಗೆ ಅಂತ ಒಬ್ಬ ಗ್ರಂಥಪಾಲಕರು ಅರ್ಧ ದಿನ ಕೂರಿಸಿ ತೋರಿಸಿದ್ದರೆ ಸಾಕಿತ್ತು. ಆ ಅರ್ಧ ದಿನವನ್ನು ವೇಳಾಪಟ್ಟಿಯಲ್ಲಿ ಯಾರೂ ಇಟ್ಟಿಲ್ಲ. ಗ್ರಂಥಪಾಲಕರ ಹುದ್ದೆಯೇ ಖಾಲಿ ಇರುವ ಕಡೆ ಕೇಳುವುದೇ ಬೇಡ. ಈ ಯೋಜನೆಯ ಮೊದಲ ಹಂತದಲ್ಲಿ ಖಾಸಗಿ ಕಾಲೇಜುಗಳು ಸೇರಿಲ್ಲ. ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರ ಮಕ್ಕಳೂ ಬಂದು ಓದಲು ಒಂದು ವ್ಯವಸ್ಥೆ ಮಾಡುವುದು ಕುಲಪತಿಗಳ ಕೈಯಲ್ಲೇ ಇದೆ.

ಆದ್ದರಿಂದ ನನ್ನ ವಿನಂತಿಗಳನ್ನು ನೇರವಾಗಿ ಹೇಳುತ್ತೇನೆ. ಪ್ರಾಜೆಕ್ಟ್ ಮಾರ್ಗದರ್ಶನವನ್ನು ಗೈಡ್‌ಗಳ ಕೆಲಸದ ಅವಧಿಯಲ್ಲಿ ಗಂಟೆ ಲೆಕ್ಕದಲ್ಲಿ ಸೇರಿಸಿ. ಒಬ್ಬರಿಗೆ ಎಷ್ಟು ವಿದ್ಯಾರ್ಥಿಗಳು ಅನ್ನುವುದಕ್ಕೆ ಮಿತಿ ಹಾಕಿ, ಆ ಮಿತಿಯನ್ನು ಪಾಲಿಸಿ. ಕನಿಷ್ಠ ಒಂದು ಸಲ ಗೈಡ್ ಸಂಸ್ಥೆಗೆ ಬಂದು ಹೋಗುವುದು ಕಡ್ಡಾಯವಾಗಲಿ, ಅದರ ಪ್ರಯಾಣ ವೆಚ್ಚವನ್ನು ಕಾಲೇಜು ಕೊಡಲಿ. ಅತಿಥಿ ಉಪನ್ಯಾಸಕರಿಗೂ ಕೊಡಲಿ. ಅವರನ್ನು ಮುಂದುವರಿಸುವಾಗ ವಿದ್ಯಾರ್ಥಿಗಳ ಜೊತೆ ಮಾಡಿದ ಇಂಥ ಕೆಲಸವನ್ನು ಪರಿಗಣಿಸಿ. ಯುಜಿಸಿ ಕೋಷ್ಟಕವನ್ನು ತಾವು ಬದಲಾಯಿಸಲು ಆಗುವುದಿಲ್ಲ, ಗೊತ್ತು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಮನ್ನಣೆ ಕೊಡಲು ಯಾರ ಅಡ್ಡಿಯೂ ಇಲ್ಲ.

ವೈವಾ, ಅಂದರೆ ಮೌಖಿಕ ಪರೀಕ್ಷೆಗೆ ಪಕ್ಕದ ಕಾಲೇಜಿನ ಮೇಷ್ಟ್ರ ಜೊತೆಗೆ ವಿದ್ಯಾರ್ಥಿ ಕೆಲಸ ಮಾಡಿದ ಸಂಸ್ಥೆಯವರನ್ನೂ ಕರೆಯಿರಿ. ಭತ್ಯೆ ಬೇಡ, ನಾವೇ ಬರುತ್ತೇವೆ. ವರದಿ ಇಂಗ್ಲಿಷಿನಲ್ಲೇ ಇರಲಿ, ಅದರ ಜೊತೆ ಎರಡು ಪುಟದ ಕನ್ನಡ ಸಾರಾಂಶವನ್ನು ಸಂಸ್ಥೆಗೆ ಕೊಡುವುದು ಕಡ್ಡಾಯವಾಗಲಿ. ತಾವು ಕಂಡದ್ದನ್ನು ಮಾಹಿತಿ ಕೊಟ್ಟ ಜನರಿಗೇ ತಿರುಗಿ ಹೇಳಬೇಕು ಅನ್ನುವ ಜವಾಬ್ದಾರಿ ಇದ್ದರೆ ಬೈಂಡಿಂಗ್ ಅಂಗಡಿಗೆ ಹೋಗುವ ಮಕ್ಕಳು ತಾವಾಗಿಯೇ ಕಡಿಮೆಯಾಗುತ್ತಾರೆ. ನಕಲು ಪರಿಶೀಲನೆಗೆ ಪ್ರಾಜೆಕ್ಟ್ ವರದಿಗಳನ್ನೂ ಒಳಪಡಿಸಿ.

ಗ್ರಂಥಪಾಲಕರು, ಲ್ಯಾಬ್ ಸಹಾಯಕರು, ಅಕೌಂಟೆಂಟರು, ಕಚೇರಿಯ ಗುಮಾಸ್ತರು, ಇವರನ್ನು "ಬೋಧಕೇತರ ಸಿಬ್ಬಂದಿ" ಅಂತ ಒಂದು ಮೂಲೆಯಲ್ಲಿ ಕೂರಿಸಬೇಡಿ. ಎಂಬಿಎ ಮಕ್ಕಳು ಒಂದು ಸಂಸ್ಥೆ ಹೇಗೆ ನಡೆಯುತ್ತದೆ ಅನ್ನುವುದನ್ನು ದಿನಾ ನೋಡುವುದು ಅವರ ಟೇಬಲ್ ಮುಂದೆಯೇ. ವಿದ್ಯಾರ್ಥಿಗಳ ಸಂಶೋಧನಾ ಸಮಿತಿಯಲ್ಲಿ ಅವರಲ್ಲೊಬ್ಬರಿಗೆ ಜಾಗ ಕೊಡಿ. ಸಂಜೆ ಲ್ಯಾಬ್ ತೆರೆದಿಟ್ಟರೆ ಅದಕ್ಕೆ ತಕ್ಕ ಭತ್ಯೆಯೋ ರಜೆಯೋ ಕೊಡಿ. ಒಳ್ಳೆಯ ಮನಸ್ಸಿನ ಮೇಲೆ ಎಷ್ಟು ದಿನ ನಡೆಸುತ್ತೀರಿ?

ಕೊನೆಯದಾಗಿ ಒಂದು ಸಣ್ಣ ನಿಧಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತಾ ಬಂದಿದೆ. ಮೊತ್ತ ದೊಡ್ಡದಲ್ಲ. ಆದರೂ ಆಯ್ಕೆಯಾದ ವಿದ್ಯಾರ್ಥಿಗೆ ತನ್ನ ಕೆಲಸವನ್ನು ಯಾರೋ ನೋಡುತ್ತಿದ್ದಾರೆ ಅನ್ನುವ ಭರವಸೆ ಬರುತ್ತದೆ. ಎಂಬಿಎ ಮಕ್ಕಳಿಗೂ ಅಂಥದ್ದೊಂದು ಯೋಜನೆಯನ್ನು ಎಲ್ಲ ವಿಶ್ವವಿದ್ಯಾಲಯಗಳು ಸೇರಿ ಮಾಡಬಾರದೇಕೆ? ಹೊಲ, ಸಂತೆ, ಸೊಸೈಟಿಗಳಿಗೆ ಓಡಾಡುವ ಬಸ್ ಚಾರ್ಜು, ಪ್ರಿಂಟಿನ ಖರ್ಚು ಸಿಕ್ಕಿದರೆ ಸಾಕು. ಸಹಕಾರ ಸಂಘಗಳೂ ಇದಕ್ಕೆ ಕೈಜೋಡಿಸಬೇಕು. ನಮ್ಮ ಆಡಳಿತ ಮಂಡಳಿಯ ಮುಂದೆ ಈ ಪ್ರಸ್ತಾವವನ್ನು ನಾನೇ ಇಡುತ್ತೇನೆ.

ನನ್ನ ಕಡೆಯಿಂದ ಏನು ಬದಲಾಗುತ್ತದೆ ಅನ್ನುವುದನ್ನೂ ತಿಳಿಸುತ್ತೇನೆ. ಮುಂದಿನ ಬ್ಯಾಚಿನಿಂದ ಗೈಡ್ ಜೊತೆ ಕನಿಷ್ಠ ಒಮ್ಮೆ ಮಾತಾಡದೆ ನಾನು ಯಾವ ಪ್ರಾಜೆಕ್ಟ್ ಸರ್ಟಿಫಿಕೇಟ್‌ಗೂ ಸಹಿ ಹಾಕುವುದಿಲ್ಲ. ಗೈಡ್ ಬಂದರೆ ನಮ್ಮಲ್ಲಿ ಉತ್ತರ ಸಿಗದೆ ಉಳಿದಿರುವ ಪ್ರಶ್ನೆಗಳ ಪಟ್ಟಿ ಕೊಡುತ್ತೇನೆ. ಸುಸ್ತಿ ಸಾಲ ಯಾವ ಹೋಬಳಿಯಲ್ಲಿ ಯಾಕೆ ಜಾಸ್ತಿ, ಮೊಬೈಲ್ ಪಾವತಿ ಬಂದ ಮೇಲೆ ಪಿಗ್ಮಿ ಏಜೆಂಟರ ಗತಿ ಏನು, ಯುವಕರು ಯಾಕೆ ಸದಸ್ಯರಾಗುತ್ತಿಲ್ಲ, ಇವೆಲ್ಲ ಅದರಲ್ಲಿವೆ. ವಿದ್ಯಾರ್ಥಿಗಳಿಗೆ ಟೇಬಲ್ಲು, ಲೆಡ್ಜರು, ಮಧ್ಯಾಹ್ನದ ಊಟ ನಮ್ಮದು. ಖಾತೆದಾರರ ಹೆಸರು ಹೊರಗೆ ಹೋಗಬಾರದು ಅನ್ನುವುದೊಂದೇ ಷರತ್ತು.

ತಮ್ಮಲ್ಲಿ ಯಾವ ವಿಭಾಗದವರು ಈ ವರ್ಷವೇ ಶುರು ಮಾಡಲು ತಯಾರಿದ್ದೀರಿ ಅಂತ ದಯವಿಟ್ಟು ಬಹಿರಂಗವಾಗಿಯೇ ಉತ್ತರಿಸಿ. ಪ್ರಾಜೆಕ್ಟ್ ವಿಷಯ ಹಂಚುವ ಮೊದಲು ಉತ್ತರ ಬಂದರೆ ಮಕ್ಕಳಿಗೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಪತ್ತಿನ ಸಹಕಾರ ಸಂಘವೊಂದರ ವ್ಯವಸ್ಥಾಪಕಿ